ಕಂಟ್ರೋಲ್ ಮಾವನ ಖಾಲಿ ಗಾಡಿಗಳು

“ಅಮ್ಮಾ, ಕಂಟ್ರೋಲ್ ಮಾವನಿಗೆ ಕಿವಿ ಕೇಳಿಸಲ್ವಾ?”

ಕೆಳಗಿನ ಮನೆಯಿಂದ ಮೆಟ್ಟಿಲು ಹತ್ತಿ ಬಂದ ಗುಬ್ಬಿ, ಚಪ್ಪಲಿ ಕಳಚುವ ಮೊದಲೇ ಕೇಳಿದ್ದು ಇದನ್ನು. ಅಮ್ಮ ಹರಿದ ಲಂಗಕ್ಕೆ ಹೊಲಿಗೆ ಹಾಕುತ್ತಿದ್ದಳು. ದಾರ ಹಲ್ಲಿನಲ್ಲೇ ಉಳಿಯಿತು.

“ಕೇಳಿಸುತ್ತಲ್ಲ. ಯಾಕೆ?”

“ಮತ್ತೆ ಮಾವ ಅಲ್ಲೇ ಕುರ್ಚಿ ಮೇಲೆ ಕೂತಿರ್ತಾರೆ. ಅತ್ತೆ ನನ್ನ ಕರೆದು, ‘ಊಟ ತಣ್ಣಗಾಗ್ತಿದೆ ಅಂತ ನಿಮ್ಮ ಮಾವನಿಗೆ ಹೇಳೇ’ ಅಂತಾರೆ. ನಾನು ಹೇಳ್ತೀನಿ. ಮಾವ, ‘ಕೈ ತೊಳ್ಕೊಂಡು ಬಂದೆ ಅಂತ ನಿಮ್ಮತ್ತೆಗೆ ಹೇಳಮ್ಮ’ ಅಂತಾರೆ. ಅದನ್ನೂ ನಾನೇ ಹೇಳ್ತೀನಿ. ಇಬ್ಬರಿಗೂ ಕೇಳಿಸಲ್ವಾ?”

ಗುಬ್ಬಿಯ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಕಿವಿಗಳೇನೋ ನಾಲ್ಕೂ ಸರಿಯಾಗಿಯೇ ಇದ್ದವು. ಗಂಡ ಹೆಂಡತಿಯ ಮಧ್ಯೆ ಅಡ್ಡ ಬಂದು ನಿಂತಿದ್ದು ಒಂದು ಗೂಡ್ಸ್ ರೈಲು. ಅದೂ ಒಳಗೆ ಏನೆಂದರೆ ಏನೂ ಇಲ್ಲದ ಗೂಡ್ಸ್ ರೈಲು. ಇದನ್ನು ಐದು ವರ್ಷದ ಮಗುವಿಗೆ ಹೇಗೆ ತಿಳಿಸಿ ಹೇಳುವುದು?

“ದೊಡ್ಡವರು ಒಂದೊಂದು ಸಲ ಹಾಗೆ ಆಟ ಆಡ್ತಾರೆ ಕಣೇ.”

“ಯಾರು ಗೆದ್ರು?”

“ಸದ್ಯಕ್ಕೆ ಅತ್ತೆ.”

ಕಂಟ್ರೋಲ್ ಮಾವ ರೈಲ್ವೆಯಲ್ಲಿ ಗೂಡ್ಸ್ ಗಾಡಿಗಳ ಕಂಟ್ರೋಲರ್. ಯಾವ ಗಾಡಿ ಮೊದಲು ಹೊರಡಬೇಕು, ಯಾವುದು ಯಾವ ಸ್ಟೇಷನ್ನಿನಲ್ಲಿ ಪಕ್ಕಕ್ಕೆ ಸರಿದು ಇನ್ನೊಂದಕ್ಕೆ ದಾರಿ ಬಿಡಬೇಕು ಎಂದು ಕೂತಲ್ಲಿಂದಲೇ ಹೇಳುವ ಕೆಲಸ. ಅವರು ರೈಲು ಓಡಿಸುತ್ತಾರೆಂದು ಬೀದಿಯ ಮಕ್ಕಳು ನಂಬಿದ್ದರು, ಮಾವ ಆ ನಂಬಿಕೆಯನ್ನು ಕೆಡಿಸುವ ಗೋಜಿಗೆ ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ಗೂಡ್ಸ್ ಗಾಡಿಯನ್ನು ಅವರು ಕಣ್ಣಾರೆ ನೋಡಿ ಕಾಲವಾಗಿತ್ತು. ಅವರದು ಕಿಟಕಿಯಿಲ್ಲದ ಕೋಣೆ. ಕಿವಿಗೆ ಹೆಡ್‌ಫೋನು, ಮುಂದೆ ಮೇಜು ತುಂಬ ಹಾಸಿದ ಚಾರ್ಟು. ಗಾಡಿಯೆಂದರೆ ಆ ಚಾರ್ಟಿನ ಮೇಲೆ ಅವರು ಎಳೆಯುವ ಒಂದು ಓರೆ ಗೆರೆ. ತುಂಬಿದ ಗಾಡಿಗೆ ಕೆಂಪು ಪೆನ್ಸಿಲು, ಖಾಲಿ ಗಾಡಿಗೆ ಹಸಿರು. ಒಂದೇ ಹಳಿಯ ಮೇಲೆ ಎದುರುಬದುರು ಬರುವ ಗೆರೆಗಳು ಸ್ಟೇಷನ್ನಿನಲ್ಲಲ್ಲದೆ ಬೇರೆಲ್ಲೂ ಮುಟ್ಟಬಾರದು. ಅಷ್ಟು ನೋಡಿಕೊಂಡರೆ ಮಾವನ ಲೋಕ ಕ್ಷೇಮ.

ಈ ಚಾಳಿ ಮನೆಗೂ ಬಂದಿತ್ತು. ಬಚ್ಚಲಿಗೆ ಹೋಗುವ ಮುಂಚೆ ಪಡಸಾಲೆಯಿಂದಲೇ “ಲೈನ್ ಕ್ಲಿಯರಾ?” ಎಂದು ಕೂಗುತ್ತಿದ್ದರು. ಊಟಕ್ಕೆ ಕೂತು ಇಬ್ಬರೂ ನೀರಿನ ತಂಬಿಗೆಗೆ ಕೈ ಚಾಚಿದರೆ, “ನೀನು ತಗೋ, ನಾನು ಲೂಪಲ್ಲಿರ್ತೀನಿ” ಎನ್ನುತ್ತಿದ್ದರು. ಲೂಪ್ ಎಂದರೆ ಸ್ಟೇಷನ್ನಿನಲ್ಲಿ ಗಾಡಿ ಪಕ್ಕಕ್ಕೆ ಸರಿದು ಕಾಯುವ ಹಳಿ. “ಇವರ ಸಹವಾಸದಿಂದ ನಮ್ಮ ಬೆಕ್ಕೂ ಹೊಸ್ತಿಲಲ್ಲಿ ನಿಂತು ಆ ಕಡೆ ಈ ಕಡೆ ನೋಡಿ ಒಳಗೆ ಬರುತ್ತೆ” ಎಂದು ಅತ್ತೆ ಎಲ್ಲರ ಮುಂದೆ ಹೇಳಿ ನಗುತ್ತಿದ್ದರು. ಆಗ ಅವರು ಗಂಡನ ವಿಷಯಕ್ಕೆ ನಗುತ್ತಿದ್ದ ಕಾಲ.

ಅತ್ತೆಯ ಇಡೀ ಸಂಸಾರ ಮಾವನ ಡ್ಯೂಟಿಯ ಹಿಂದೆ ಓಡಿದ್ದೇ ಆಗಿತ್ತು. ಅವರು ಮಲಗಿದಾಗ ಮಿಕ್ಸಿ ಹಾಕುವಂತಿಲ್ಲ, ಎದ್ದಾಗ ಇವರು ಮಲಗುವಂತಿಲ್ಲ. ಮಗ ಓದು ಮುಗಿಸಿ ಪಕ್ಕದೂರಿನಲ್ಲಿ ಮೇಷ್ಟ್ರಾದ ಮೇಲೆ ಒಂದು ದಿನ ಅತ್ತೆ ಕೈ ಒರೆಸಿಕೊಂಡು, “ಇನ್ನು ನಾನೂ ಒಂದು ಕೆಲಸ ಮಾಡ್ತೀನಿ” ಎಂದರು. ಬೀದಿಯ ಕೊನೆಯಲ್ಲಿ ಒಂದು ಹೆರಿಗೆ ಆಸ್ಪತ್ರೆ. ಅಲ್ಲಿನ ಬೆಡ್‌ಶೀಟು, ಮಗು ಸುತ್ತುವ ಬಟ್ಟೆ, ನರ್ಸುಗಳ ಕೋಟು ಒಗೆಯುತ್ತಿದ್ದವನು ಊರು ಬಿಟ್ಟಿದ್ದ. ಅತ್ತೆ ಹೋಗಿ ದೊಡ್ಡ ನರ್ಸನ್ನು ಕಂಡರು. ದೊಡ್ಡ ನರ್ಸು ಹತ್ತು ಮಾತಿಗೆ ಒಂದು ಮಾತು ಆಡುವ ಹೆಂಗಸು.

“ಒಂದು ತಿಂಗಳು ನೋಡ್ತೀವಿ. ಈಗ ಹುಟ್ಟಿದ ಮಗುನ ಮಲಗಿಸೋ ಬಟ್ಟೆ. ಬೆಳ್ಳಗಿದ್ರೆ ಸಾಲದು, ಬೆಳ್ಳಗೆ ಕಾಣಬೇಕು.”

ಅತ್ತೆ ದೊಡ್ಡ ವಾಷಿಂಗ್ ಮೆಷಿನ್ ತಂದರು. ಹಿತ್ತಲಿನ ಉದ್ದಕ್ಕೂ ಸಾಲುಸಾಲಾಗಿ ತಂತಿ ಕಟ್ಟಿಸಿದರು. ನೀಲಿ ಎಷ್ಟು ಹನಿ ಹಾಕಿದರೆ ಬಿಳಿ ಬಿಳಿಯಾಗಿ ಕಾಣುತ್ತದೆ, ಎಷ್ಟಾದರೆ ಆಕಾಶವಾಗುತ್ತದೆ ಎಂಬುದನ್ನು ಮಾವನ ಬನಿಯನ್ನುಗಳ ಮೇಲೆ ಪ್ರಯೋಗ ಮಾಡಿ ಕಲಿತರು. ಗಾಳಿಗೆ ಆ ಬೆಡ್‌ಶೀಟುಗಳು ಉಬ್ಬಿ ಇಳಿಯುವುದನ್ನು ನೋಡುತ್ತ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರೆ, ಹಡಗಿನ ಯಜಮಾನಿಯ ಹಾಗೆ ಕಾಣುತ್ತಿದ್ದರು. ತಿಂಗಳು ತುಂಬಿ ಕೆಲಸ ಕಾಯಂ ಆದರೆ ಸಾಕು, ಅವರಿಗೆ ಬೇರೇನೂ ಬೇಕಿರಲಿಲ್ಲ.

ಹಿತ್ತಲಿನ ಬೇಲಿಯಾಚೆ ಹಳೆಯ ರೈಲ್ವೆ ಲೈನು. ಹೊಸ ದೊಡ್ಡ ಲೈನು ಊರ ಹೊರಗೆ ಬಂದ ಮೇಲೆ ಇದರ ಮೇಲೆ ಬೆಳಿಗ್ಗೆ ಸಂಜೆ ಒಂದು ಪುಟ್ಟ ಪ್ಯಾಸೆಂಜರ್ ಬಿಟ್ಟರೆ ಬೇರೆ ಯಾವ ಗಾಡಿಯೂ ಓಡಾಡುತ್ತಿರಲಿಲ್ಲ. ಬೀದಿಯ ರೈಲ್ವೆ ಗೇಟು ಬಿದ್ದರೆ ಜನ, “ಇವತ್ತೇನು ವಿಶೇಷ?” ಎಂದು ಗೇಟ್‌ಮನ್ನನ್ನೇ ಕೇಳುತ್ತಿದ್ದರು.

ಹೀಗಿರುವಾಗ ಬಿರುಗಾಳಿ ಬಂತು. ಊರಿನಲ್ಲಿ ನಾಲ್ಕು ಮರ ಉರುಳಿಸಿ, ಯಾರದೋ ತಗಡು ಇನ್ಯಾರದೋ ಅಂಗಳಕ್ಕೆ ಹಾಕಿ ಹೋಯಿತು. ಹೊಳೆಯ ಕಡೆ ಮಾತ್ರ ದೊಡ್ಡ ಲೈನಿನ ಏರಿಯನ್ನೇ ನೀರು ಕೊಚ್ಚಿಕೊಂಡು ಹೋಗಿತ್ತು. ಹಳಿಗಳು ಬಟ್ಟೆ ಒಣಹಾಕುವ ತಂತಿಯ ಹಾಗೆ ಗಾಳಿಯಲ್ಲಿ ತೂಗುತ್ತಿದ್ದವಂತೆ. ರಿಪೇರಿಗೆ ವಾರಗಳೇ ಬೇಕು ಎಂದರು ಇಂಜಿನಿಯರುಗಳು. ವಿದ್ಯುತ್ ಕಾರ್ಖಾನೆಯವರು ನಮಗೆ ಕಲ್ಲಿದ್ದಲು ಇರುವುದು ಕೆಲವೇ ದಿನಕ್ಕೆ ಎಂದರು. ದೊಡ್ಡ ಸಾಹೇಬರು ಕಂಟ್ರೋಲ್ ರೂಮಿಗೆ ಬಂದು ಮಾವನ ಬೆನ್ನ ಹಿಂದೆ ನಿಂತರು.

“ಹಳೇ ಲೈನ್ ಮೇಲೆ ತಿರುಗಿಸಿ. ಎಲ್ಲಾ ಗಾಡೀನೂ.”

ಮಾವ ಪೆನ್ಸಿಲು ಚೂಪು ಮಾಡಿಕೊಂಡರು. ಹಳೇ ಲೈನಿನ ಸ್ಟೇಷನ್ನುಗಳಿಗೆ ಒಂದೊಂದಾಗಿ ಫೋನು ಹಚ್ಚಿದರು. ಗೂಡ್ಸ್ ಗಾಡಿಯೆಂದರೆ ಹೇಗಿರುತ್ತದೆಂದೇ ಮರೆತಿದ್ದ ಸ್ಟೇಷನ್ನುಗಳು ಅವು.

“ನಿಮ್ಮಲ್ಲಿ ಲೂಪ್ ಲೈನ್ ಖಾಲಿ ಇದೆ ತಾನೇ?”

ಆ ತುದಿಯ ಸ್ಟೇಷನ್ ಮಾಸ್ಟರು ಕಿಟಕಿಯಿಂದ ಬಗ್ಗಿ ನೋಡಿ ಬಂದರು. “ಖಾಲಿ ಅಂದ್ರೆ ಖಾಲೀನೇ ಸಾರ್. ಗಾಡಿ ಯಾವುದೂ ಇಲ್ಲ. ಕುಂಬಳ ಬಳ್ಳಿ ಒಂದು ಹಬ್ಬಿದೆ.”

“ಹಳಿ ಮೇಲಾ?”

“ಪಕ್ಕದಲ್ಲೇ ಹಾಕಿದ್ದೆ ಸಾರ್. ಅದೇ ಹತ್ಕೊಳ್ತು.”

“ಯಾವಾಗ ತೆಗೀತೀರಿ?”

“ಇನ್ನೆರಡು ವಾರ ಬಿಟ್ರೆ ಕಾಯಿ ಬಲಿಯುತ್ತೆ.”

“ರೀ ಮಾಸ್ಟ್ರೇ, ಮಧ್ಯಾಹ್ನ ನಿಮ್ಮಲ್ಲಿಗೆ ಕಲ್ಲಿದ್ದಲು ಗಾಡಿ ಬರ್ತಿದೆ.”

“ಹಾಗಾದ್ರೆ ಎಳೇ ಕಾಯೇ ಕುಯ್ತೀನಿ ಬಿಡಿ” ಎಂದರು ಮಾಸ್ಟರು, ಮಗಳನ್ನು ಕಳಿಸಿಕೊಡುವವರ ದನಿಯಲ್ಲಿ.

ಪಕ್ಕದ ಮೇಜಿನಲ್ಲಿ ಎಂಜಿನ್ ಹಂಚುವವನು ಕೂತಿರುತ್ತಿದ್ದ. ಒಂದೊಂದು ಎಂಜಿನ್ನನ್ನೂ ತನ್ನ ಹೆಂಡತಿ ತವರಿನಿಂದ ತಂದ ಬಂಗಾರವೆಂಬಂತೆ ಕೊಡುತ್ತಿದ್ದುದರಿಂದ ಅವನಿಗೆ ಜಿಪುಣ ಎಂದೇ ಹೆಸರು. ಹಳೇ ಲೈನಿಗೆ ಕರೆಂಟಿನ ತಂತಿ ಇಲ್ಲ, ಡೀಸೆಲ್ ಎಂಜಿನ್ನೇ ಬೇಕು. ಮಾವ ಬೇಡಿ, ಬೈದು, ತಮ್ಮ ಚಹಾವನ್ನೂ ಅವನಿಗೇ ಕುಡಿಸಿ ನಾಲ್ಕು ಎಂಜಿನ್ ಗಿಟ್ಟಿಸಿದರು. ಲೂಪಿನಲ್ಲಿ ಹಿಡಿಸದಷ್ಟು ಉದ್ದದ ಗಾಡಿಗಳನ್ನು ಎರಡೆರಡು ತುಂಡು ಮಾಡಿಸಿದರು. ಡ್ಯೂಟಿ ಮುಗಿಯುವ ಹೊತ್ತಿಗೆ ಹಳೇ ಲೈನಿನ ಚಾರ್ಟು ಕೆಂಪು ಹಸಿರು ಗೆರೆಗಳಿಂದ ತುಂಬಿ ನೇಯ್ದ ಹಾಗಿತ್ತು. ದೊಡ್ಡ ಸಾಹೇಬರು ಭುಜ ತಟ್ಟಿದರು. ಮಾವ ಕುಸ್ತಿ ಗೆದ್ದ ಜಟ್ಟಿಯಂತೆ ಮನೆ ಕಡೆ ಹೊರಟರು.

ಬೀದಿಗೆ ಬಂದರೆ ಗೇಟು ಬಿದ್ದಿದೆ. ಗೇಟಿನ ಈಚೆ ಕ್ಷೌರದವನು ಕಾದು ನಿಂತಿದ್ದಾನೆ. ಆಚೆ ಅವನ ಅಂಗಡಿ.

“ಏನ್ ಸಾರ್ ಇದು? ಒಂದು ಗುಟುಕು ಚಹಾ ಕುಡಿದು ಬರೋಣ ಅಂತ ಈ ಕಡೆ ಬಂದೆ. ಅಂಗಡೀಲಿ ಒಬ್ಬರ ಅರ್ಧ ಮುಖ ಬಾಕಿ ಇದೆ. ಇದರ ಬಾಲ ನೋಡಿದ್ರೆ ಇನ್ನೂ ಕಾಣ್ತಿಲ್ಲ.”

ಕಣ್ಣೆದುರು ಕರಿ ಡಬ್ಬಿಗಳು ಒಂದರ ಹಿಂದೆ ಒಂದು ಉರುಳುತ್ತಿದ್ದವು. ಮಾವ ನೋಡಿದರು. ಎಣ್ಣೆ, ಕಬ್ಬಿಣ, ಕಲ್ಲಿದ್ದಲಿನ ವಾಸನೆ. “ಓ, ಇದು ಮಧ್ಯಾಹ್ನ ನಾನು ಬಿಟ್ಟ ಗಾಡಿ” ಎಂದುಕೊಂಡು, ದೂರದೂರಿನಲ್ಲಿ ಮನೆಯ ಹುಡುಗ ಸಿಕ್ಕಿದಷ್ಟು ಸಂತೋಷವಾಗಿ, ಕೊನೆಯ ಡಬ್ಬಿಯ ಗಾರ್ಡಿಗೆ ಕೈ ಕೂಡ ಬೀಸಿದರು. ಹಳೇ ಲೈನಿನ ಒಂದೊಂದು ಲೂಪಿನ ಉದ್ದವನ್ನೂ ಬಾಯಿಪಾಠ ಒಪ್ಪಿಸಬಲ್ಲ ಮನುಷ್ಯ. ಆ ಲೈನು ತನ್ನ ಹೆಂಡತಿಯ ತಂತಿಗಳನ್ನು ಸವರಿಕೊಂಡೇ ಹೋಗುತ್ತದೆ ಎಂಬುದು ಅಲ್ಲಿಯವರೆಗೂ ಅವರ ತಲೆಗೆ ಹೊಳೆದಿರಲಿಲ್ಲ. ಚಾರ್ಟಿನಲ್ಲಿ ಸ್ಟೇಷನ್ನುಗಳಿರುತ್ತವೆ, ಹಿತ್ತಲು ಇರುವುದಿಲ್ಲ.

ಅತ್ತೆ ಬಾಗಿಲಲ್ಲೇ ಇದ್ದರು. ಕೈಯಲ್ಲೊಂದು ಬೆಡ್‌ಶೀಟು. ಬೆಳಿಗ್ಗೆ ಅದು ಬಿಳಿಯಾಗಿತ್ತು. ಈಗ ಮೋಡ ಕವಿದಿತ್ತು.

“ರೀ, ಯಾರೋ ಪುಣ್ಯಾತ್ಮರು ನಮ್ಮ ಹಿತ್ತಲಲ್ಲಿ ಕಲ್ಲಿದ್ದಲು ಓಡಿಸ್ತಿದ್ದಾರೆ. ನಿಮಗೆ ಪರಿಚಯ ಇದ್ದವರಾ?”

ಮಾವ ಚಪ್ಪಲಿಯ ಪಟ್ಟಿಯನ್ನು ಬಹಳ ಹೊತ್ತು ಬಿಚ್ಚಿದರು. “ಸ್ವಲ್ಪ ಪರಿಚಯ.”

“ಹಾಗಾದ್ರೆ ಕೇಳಿ ನೋಡಿ. ಬೇರೆ ಕಡೆ ಓಡಿಸೋಕಾಗುತ್ತಾ ಅಂತ.”

“ಬೇರೆ ಕಡೆ ಇದ್ದಿದ್ದು ಹೊಳೆಗೆ ಹೋಗಿದೆ ಕಣೇ. ಇರೋದು ಇದೊಂದೇ.”

ಅತ್ತೆ ಎಲ್ಲವನ್ನೂ ಮತ್ತೆ ಒಗೆದು, ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಹರವಿ, ಅರ್ಧಂಬರ್ಧ ಒಣಗಿದ ಗಂಟನ್ನು ಆಸ್ಪತ್ರೆಗೆ ಮುಟ್ಟಿಸಿದರು. ದೊಡ್ಡ ನರ್ಸು ಒಂದನ್ನು ಕಿಟಕಿಗೆ ಹಿಡಿದು ನೋಡಿ, ಮೂಸಿ, ಮಡಿಸಿಟ್ಟರು. “ಈ ಸಲ ಇಟ್ಕೊಂಡಿರ್ತೀನಿ. ಮುಂದಿನ ಗಂಟು ಹೀಗೇ ಬಂದ್ರೆ ಬೇರೆಯವರನ್ನ ನೋಡ್ಕೋತೀವಿ.”

ಅತ್ತೆ ಮನೆಗೆ ಬಂದು ಈ ಮಾತು ಹೇಳಿದರು. ಮಾವ ಎದ್ದು ನಿಂತರು. “ನಾಳೆ ನೀನು ತಂತಿ ತುಂಬ ಹಾಕು. ಬಿಸಿಲು ಬಂದ ಮೇಲೆ ಈ ಹಿತ್ತಲಲ್ಲಿ ಒಂದೇ ಒಂದು ಕಲ್ಲಿದ್ದಲು ಗಾಡಿ ಹೋದ್ರೆ ನನ್ನ ಕೇಳು” ಎಂದರು.

ಮಾರನೆಯ ದಿನ ಜಾವಕ್ಕೂ ಮುಂಚೆಯೇ ಡ್ಯೂಟಿಗೆ ಹೋಗಿ ಕೂತು, ಯೋಚಿಸಿ ಯೋಚಿಸಿ ಗೆರೆ ಎಳೆದರು. ಕಲ್ಲಿದ್ದಲು ತುಂಬಿದ ಗಾಡಿಗಳೆಲ್ಲ ಪ್ಯಾಸೆಂಜರಿಗಿಂತ ಮುಂಚೆ, ಬೆಳಗಿನ ಜಾವದಲ್ಲೇ ಊರು ದಾಟಬೇಕು. ಹಗಲಿಗೆ ಎಣ್ಣೆಯ ಟ್ಯಾಂಕರು, ಮುಚ್ಚಿದ ಡಬ್ಬಿಯ ಸಿಮೆಂಟು, ಖಾಲಿ ಗಾಡಿಗಳು.

ಜಿಪುಣ ಬಗ್ಗಿ ನೋಡಿದ. “ಏನ್ ಗುರು, ಕಲ್ಲಿದ್ದಲಿಗೆ ಬೆಳಗಿನ ಜಾವದ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ?”

“ವಿದ್ಯುತ್ ಕಾರ್ಖಾನೆಯೋರು ಬೇಗ ಬೇಕು ಅಂದ್ರು.”

“ಅವರು ಯಾವತ್ತು ನಿಧಾನಕ್ಕೆ ಬರಲಿ ಅಂದಿದ್ರು?”

ಆದರೂ ಆ ಏರ್ಪಾಡಿನಲ್ಲಿ ಸುಳ್ಳೇನೂ ಇರಲಿಲ್ಲ. ಜಾವದಲ್ಲಿ ಲೈನು ನಿಜಕ್ಕೂ ಬಿಡುವಾಗಿತ್ತು, ಕಲ್ಲಿದ್ದಲು ನಿಜಕ್ಕೂ ಬೇಗ ಮುಟ್ಟಿತು. ದೊಡ್ಡ ಸಾಹೇಬರು ಮತ್ತೊಮ್ಮೆ ಭುಜ ತಟ್ಟಿದರು. ಕರ್ತವ್ಯ, ಸಂಸಾರ ಎರಡೂ ಒಂದೇ ಹಳಿಯ ಮೇಲೆ ಗುದ್ದಾಡದೆ ದಾಟಿದವಲ್ಲ ಎಂದು ಮಾವ ತಮ್ಮ ಬೆನ್ನನ್ನು ತಾವೂ ಒಂದು ಸಲ ತಟ್ಟಿಕೊಂಡರು. ಬರುವ ದಾರಿಯಲ್ಲಿ ಅತ್ತೆಗೆಂದು ಅರ್ಧ ಡಜನ್ ಬಾಳೆಹಣ್ಣು ಕೊಂಡರು.

ಮನೆಯಲ್ಲಿ ಸದ್ದಿಲ್ಲ. ಹಿತ್ತಲಿಗೆ ಹೋದರೆ ಅತ್ತೆ ತಂತಿಗಳ ನಡುವೆ ನಿಂತಿದ್ದಾರೆ. ಬೆಡ್‌ಶೀಟುಗಳು ಬೂದುಬಣ್ಣವಲ್ಲ, ಸಾಕ್ಷಾತ್ ಕಪ್ಪು. ಹಸುಗೂಸು ಸುತ್ತುವ ಪುಟ್ಟ ಬಟ್ಟೆಗಳು ಒಲೆ ಒರೆಸಿದ ಚಿಂದಿಯ ಹಾಗಿವೆ. ಬೇಲಿಯ ಹೂಗಳೂ ಒಂದೇ ಬಣ್ಣ.

ಆಗಿದ್ದು ಇಷ್ಟು. ತುಂಬಿದ ಗಾಡಿಯ ಮೇಲೆ ನೀರು ಚಿಮುಕಿಸಿರುತ್ತಾರೆ. ಭಾರಕ್ಕೆ ಅದು ಬಸುರಿಯಂತೆ ನಿಧಾನವಾಗಿ ಹೋಗುತ್ತದೆ. ಕಲ್ಲಿದ್ದಲು ಇಳಿಸಿ ವಾಪಸ್ ಬರುವ ಖಾಲಿ ಗಾಡಿಗೆ ಆ ಯಾವ ಮರ್ಯಾದೆಯೂ ಇಲ್ಲ. ಹಗುರಾಗಿ, ಬಾಯಿ ತೆರೆದುಕೊಂಡು ಓಡುತ್ತದೆ. ತಳದಲ್ಲಿ ಕೂತ ಪುಡಿಯನ್ನೆಲ್ಲ ಗಾಳಿ ಎಬ್ಬಿಸಿ ಎರಡು ದಂಡೆಗೂ ಹಂಚುತ್ತದೆ. ಮಾವ ಅಂಥ ಗಾಡಿಗಳನ್ನೇ ಆರಿಸಿ ಆರಿಸಿ, ಬಿಸಿಲು ಚೆನ್ನಾಗಿರುವ ಹೊತ್ತಿಗೆ, ಸಾಲಾಗಿ ಕಳಿಸಿದ್ದರು. ಅವರ ಕಸುಬಿನಲ್ಲಿ ಖಾಲಿ ಎಂದರೆ ಏನೂ ಇಲ್ಲ ಎಂದೇ ಅರ್ಥ.

“ಅದು ಖಾಲಿ ಗಾಡಿ ಕಣೇ” ಎಂದರು ಮಾವ, ಬಾಳೆಹಣ್ಣು ಹಿಡಿದುಕೊಂಡೇ. “ಆಣೆಗೂ. ಅದರಲ್ಲಿ ಏನೂ ಇರಲಿಲ್ಲ.”

ಅತ್ತೆ ಬೆಡ್‌ಶೀಟಿನ ಮೇಲೆ ಅಂಗೈ ಒತ್ತಿದರು. ಆ ಅಂಗೈಯನ್ನು ತಂದು ಮಾವನ ಬಿಳಿ ಅಂಗಿಯ ಎದೆಯ ಮೇಲೆ, ಜೇಬಿನ ಹತ್ತಿರ, ಮೆಲ್ಲಗೆ ಒತ್ತಿದರು. ಐದು ಬೆರಳೂ ಅಚ್ಚುಕಟ್ಟಾಗಿ ಮೂಡಿದವು.

“ಏನೂ ಇಲ್ಲದ್ದು ಎಷ್ಟಿದೆ ನೋಡಿ.”

ಅವರು ಮಾವನಿಗೆ ನೇರವಾಗಿ ಆಡಿದ ಕೊನೆಯ ಮಾತು ಅದು. ಅಲ್ಲಿಂದಾಚೆಗೆ ಊಟ, ಕಾಫಿ, ಬಚ್ಚಲಿನ ಲೈನ್ ಕ್ಲಿಯರ್ ಎಲ್ಲ ಗುಬ್ಬಿಯ ಮೂಲಕ. ಗುಬ್ಬಿ ಶಾಲೆಗೆ ಹೋದಾಗ ಬೆಕ್ಕಿನ ಮೂಲಕ.

ಅತ್ತೆ ಆಸ್ಪತ್ರೆಗೆ ಹೋಗಿ ಎರಡು ದಿನದ ಗಡುವು ಕೇಳಿದರು. ದೊಡ್ಡ ನರ್ಸು ಹಳೆಯ ಬೆಡ್‌ಶೀಟುಗಳಿಂದ ಹೇಗೋ ಸುಧಾರಿಸಿಕೊಳ್ಳುತ್ತೇನೆಂದರು, ಆದರೆ ಇದೇ ಕೊನೆಯ ಸಲ ಎಂದೂ ಹೇಳಿದರು. ಫ್ಯಾನಿನ ಕೆಳಗೆ ಒಣಗಿಸುವಂತಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಹಿತ್ತಲು ಬಿಟ್ಟರೆ ಕೆಳಗಿನ ಮನೆಗೆ ಬಿಸಿಲು ಬೀಳುವ ಜಾಗವಿಲ್ಲ.

ಮಾವ ಆಫೀಸಿನಲ್ಲಿ ಚಾರ್ಟಿನ ಮುಂದೆ ಪೆನ್ಸಿಲು ಕಚ್ಚಿಕೊಂಡು ಕೂತರು. ಕೊನೆಗೆ ಗಾಳಿಗೆ ಬಿಟ್ಟ ಹಾಗೆ ಒಂದು ಮಾತು ಬಿಟ್ಟರು. “ಹಗಲಲ್ಲಿ ಖಾಲಿ ಗಾಡಿ ನಿಲ್ಲಿಸಿಬಿಟ್ರೆ ಏನಾಗುತ್ತೆ?”

“ಖಾಲಿ ವಾಪಸ್ ಹೋಗದೆ ತುಂಬಿದ್ದು ಬರುತ್ತಾ?” ಎಂದ ಜಿಪುಣ. “ಗಣಿಯೋರು ಕಲ್ಲಿದ್ದಲನ್ನ ತಲೆ ಮೇಲೆ ಹೊತ್ತು ತರ್ತಾರಾ? ಯಾಕೆ, ಏನಾಯ್ತು?”

“ಏನಿಲ್ಲ.”

“ನಿಮ್ಮ ಅಂಗಿ ಮೇಲೆ ಇನ್ನೂ ಕೈ ಗುರುತಿದೆಯಲ್ಲ ಗುರು. ಎಷ್ಟು ಸಲ ಒಗೆಸಿದ್ರಿ?”

“ನಾನೇ ಒಗ್ಕೊಂಡೆ” ಎಂದರು ಮಾವ. ಆ ದಿನ ಜಿಪುಣ ತಾನಾಗಿಯೇ ಒಂದು ಎಂಜಿನ್ ಕೊಟ್ಟ.

ಊರಿನ ದೀಪ ಒಂದು ಕಡೆ, ಹೆಂಡತಿಯ ಬಟ್ಟೆ ಇನ್ನೊಂದು ಕಡೆ ಇಟ್ಟು ತೂಗುವ ಮನುಷ್ಯ ಮಾವ ಅಲ್ಲ. ಗಾಡಿಗಳನ್ನು ಮುಟ್ಟುವ ಹಾಗಿಲ್ಲ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಚಾರ್ಟನ್ನೇ ನೋಡುತ್ತ ಕೂತಿದ್ದವರು ತಟ್ಟನೆ ಪೆನ್ಸಿಲು ಬಾಯಿಂದ ತೆಗೆದರು. ಒಂದು ಲೈನು ಕೆಟ್ಟರೆ ಗಾಡಿಯನ್ನು ಇನ್ನೊಂದರ ಮೇಲೆ ಕಳಿಸುತ್ತೇವೆ. ಲೈನು ಕೆಟ್ಟಿರುವುದು ಈಗ ಯಾರದು?

ಅದೇ ದಿನ ಊಟದ ಹೊತ್ತಿನ ಬಿಡುವಿನಲ್ಲಿ ಗುಬ್ಬಿಯ ಅಮ್ಮನ ಬಾಗಿಲು ಸದ್ದಾಯಿತು. ತೆರೆದರೆ ಮಾವ. ಕೈಯಲ್ಲಿ ಅಳತೆಯ ಟೇಪು. ಹಿಂದೆ ತಿರುಗಿ ಮೆಟ್ಟಿಲಿನ ಕೆಳಗೊಮ್ಮೆ ನೋಡಿ, ದನಿ ತಗ್ಗಿಸಿದರು.

“ನಿಮ್ಮ ಮುಂದಿನ ಬಾಲ್ಕನಿ ಒಂಚೂರು ನೋಡಬಹುದಾಮ್ಮ?”

“ಬನ್ನಿ ಅಣ್ಣ. ಏನಾದ್ರೂ ಬಿತ್ತಾ?”

ಮಾವ ಬಾಲ್ಕನಿಯನ್ನು ಆ ತುದಿಯಿಂದ ಈ ತುದಿಗೆ ಅಳೆದರು. ಬೆರಳು ನೆಕ್ಕಿ ಗಾಳಿಗೆ ಹಿಡಿದರು. ಕಂಬಿಯ ಮೇಲೆ ಕರವಸ್ತ್ರ ಉಜ್ಜಿ ನೋಡಿದರು, ಕರವಸ್ತ್ರ ಬೆಳ್ಳಗೇ ಇತ್ತು. ಇದು ಬೀದಿಯ ಕಡೆ. ಲೈನಿಗೂ ಇದಕ್ಕೂ ಮಧ್ಯೆ ಇಡೀ ಮನೆ ಅಡ್ಡ. ಬಿಸಿಲು ಸಂಜೆಯವರೆಗೂ ನಿಲ್ಲುತ್ತದೆ. ಅವರು ಬಾಯೊಳಗೇ ಏನೇನೋ ಲೆಕ್ಕ ಹಾಕಿದರು. ದೊಡ್ಡ ಬೆಡ್‌ಶೀಟನ್ನು ಎರಡು ಮಡಿಕೆ ಮಾಡಬೇಕು, ಉದ್ದ ಸಾಲದು. ಮೆಟ್ಟಿಲು ಕಿರಿದು. ಒದ್ದೆ ಬುಟ್ಟಿ ಹತ್ತುವಾಗ ಒಣಗಿದ್ದು ಇಳಿಯಬಾರದು, ನಡುವಿನ ತಿರುವಿನಲ್ಲಿ ಒಬ್ಬರು ನಿಂತು ಕಾಯಬೇಕು.

ಗುಬ್ಬಿಯ ಅಮ್ಮನಿಗೆ ಅಷ್ಟರಲ್ಲಿ ಅರ್ಥವಾಗಿತ್ತು. “ಅದಕ್ಕೇನು ಅಣ್ಣ, ಹಾಕಲಿ. ಅತ್ತಿಗೆ ಒಂದು ಮಾತು ಕೇಳಿದ್ರೆ ನಾನು ಬೇಡ ಅಂತಿದ್ನಾ?”

“ಅವಳು ಕೇಳಲ್ಲಮ್ಮ. ಅದೇ ಕಷ್ಟ.”

ಕಷ್ಟ ಏನೆಂದು ಅವಳಿಗೂ ಗೊತ್ತಿತ್ತು. ಬಿರುಗಾಳಿಗೆ ಸ್ವಲ್ಪ ಮುಂಚೆ ಗುಬ್ಬಿ ಹಿಂದಿನ ಕಿಟಕಿಯಿಂದ ಬಣ್ಣದ ನೀರು ಸುರಿದು, ಕೆಳಗಿನ ಒಂದು ಬೆಡ್‌ಶೀಟು ನೇರಳೆಯಾಗಿತ್ತು. “ಮಗು ಅಂದ್ಮೇಲೆ ಸುರಿಯುತ್ತೆ, ನೋಡ್ಕೊಳ್ಳೋರು ಎಲ್ಲಿ ನೋಡ್ತಿದ್ರೋ” ಎಂದು ಅತ್ತೆ ಹಿತ್ತಲಿನಿಂದಲೇ ಕೇಳುವಷ್ಟು ಜೋರಾಗಿ ಹೇಳಿದ್ದರು. ಇವಳೂ ಕಿಟಕಿಯನ್ನು ಕೇಳುವಷ್ಟು ಜೋರಾಗಿಯೇ ಮುಚ್ಚಿದ್ದಳು. ಅಂದಿನಿಂದ ಇಬ್ಬರೂ ಮೆಟ್ಟಿಲಲ್ಲಿ ಸಿಕ್ಕರೆ ತುಟಿಯಲ್ಲಿ ಮಾತ್ರ ನಗುತ್ತಿದ್ದರು. ಗುಬ್ಬಿಯ ಮೇಲೆ ಅತ್ತೆಗೆ ಸಿಟ್ಟಿರಲಿಲ್ಲ. ಇದ್ದದ್ದು ಗುಬ್ಬಿಯ ಅಮ್ಮನ ಮೇಲೆ.

ಮಾವ ಟೇಪನ್ನು ಸುತ್ತಿ ಜೇಬಿಗಿಟ್ಟರು. ತೆಗೆದರು. ಮತ್ತೆ ಇಟ್ಟರು. ಎಷ್ಟೋ ಸ್ಟೇಷನ್ ಮಾಸ್ಟರುಗಳಿಂದ ಹೂಂ ಅನ್ನಿಸಿದ ಬಾಯಿ, ಒಂದು ಮಾತಿಗೆ ತಡವರಿಸುತ್ತಿತ್ತು.

“ನಿನ್ನಿಂದ ಒಂದು ಉಪಕಾರ ಆಗಬೇಕು ಕಣಮ್ಮ. ನೀನಾಗೇ ಕೆಳಗೆ ಹೋಗಿ ಅವಳನ್ನ ಕರೀಬೇಕು. ನಮ್ಮ ಬಾಲ್ಕನಿ ಬಿಸಿಲು ಸುಮ್ಮನೆ ಹಾಳಾಗ್ತಿದೆ ಅತ್ತಿಗೆ, ನಿಮ್ಮ ಬಟ್ಟೆ ಹಾಕಿ ಅಂತ. ಮೊದಲು ಒಂದೆರಡು ಮಾತು ಅಂತಾಳೆ, ನೇರಳೆ ವಿಷಯ ಎತ್ತೇ ಎತ್ತುತ್ತಾಳೆ. ಸಹಿಸ್ಕೋ. ನಾನು ಹೇಳಿ ಕಳಿಸಿದ್ದು ಅಂತ ಮಾತ್ರ ಬಾಯಿ ಬಿಡಬೇಡ, ಬಟ್ಟೆ ಒದ್ದೆ ಇದ್ರೂ ಪರವಾಗಿಲ್ಲ ಅಂತ ಕೂತುಬಿಡ್ತಾಳೆ. ಹೋಗೋದಾದ್ರೆ ಈಗಲೇ ಹೋಗಮ್ಮ. ಅವಳು ಮೆಷಿನ್ನಿಂದ ಬಟ್ಟೆ ತೆಗೀತಿದ್ದಾಳೆ, ನಾನು ಖಾಲಿ ಗಾಡಿ ಬಿಡೋಕೆ ಹೇಳಿ ಬಂದಿದ್ದೀನಿ.”